ಸಾಂಕ್ರಾಮಿಕದ ಎರಡು ವರ್ಷ: ದೆಹಲಿಯ ಸರ್ಕಾರಿ ಸಂಸ್ಥೆಗಳು, 2020–2022

2020ರ ಮಾರ್ಚ್ 2ರಂದು ದೆಹಲಿಯಲ್ಲಿ ಕೊರೊನಾ ಸೋಂಕಿನ ಮೊದಲ ಪ್ರಕರಣ ದೃಢಪಟ್ಟಿತು. ಆ ದಿನ ರಾಜಧಾನಿಯ ಆಡಳಿತದ ಕೈಯಲ್ಲಿದ್ದ ಮುಖ್ಯ ಕಾನೂನುಗಳು ಎರಡು. ಒಂದು, ಮುಂಬಯಿಯ ಪ್ಲೇಗ್ ಹಾವಳಿಯ ಹೊತ್ತಿಗೆ ಬ್ರಿಟಿಷರು ಅವಸರದಲ್ಲಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮರುವರ್ಷ ಬೆಂಗಳೂರಿಗೂ ಕಾಲಿಟ್ಟು, ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆಯಲು ಕಾರಣವಾದ ಪ್ಲೇಗು ಅದೇ. ಇನ್ನೊಂದು, 2005ರ ವಿಪತ್ತು ನಿರ್ವಹಣಾ ಕಾಯ್ದೆ. ಸುನಾಮಿ ಬಡಿದ ಮರುವರ್ಷ ಜಾರಿಗೆ ಬಂದ ಈ ಕಾಯ್ದೆಯನ್ನು ರೂಪಿಸಿದವರ ಕಣ್ಣ ಮುಂದಿದ್ದುದು ಹೆಚ್ಚಾಗಿ ಭೂಕಂಪ, ಪ್ರವಾಹ, ಚಂಡಮಾರುತಗಳು. ಮೊದಲನೆಯದರ ಅಡಿಯಲ್ಲಿ ದೆಹಲಿ ಸರ್ಕಾರ ಮಾರ್ಚ್ 12ರಂದು ನಿಯಮಾವಳಿ ಹೊರಡಿಸಿತು. ಎರಡನೆಯದರ ಅಡಿಯಲ್ಲಿ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯ ದೇಶವ್ಯಾಪಿ ಲಾಕ್‌ಡೌನ್ ಆದೇಶ ಹೊರಡಿಸಿತು. ಸಾರ್ವಜನಿಕ ಆರೋಗ್ಯ ರಾಜ್ಯಗಳ ವಿಷಯವಾಗಿದ್ದರೂ ಮುಂದಿನ ಎರಡು ವರ್ಷ ಕೇಂದ್ರದ ಮಾತು ಎಲ್ಲ ರಾಜ್ಯಗಳಲ್ಲಿ ನಡೆದದ್ದು ಈ ಎರಡನೆಯ ಕಾಯ್ದೆಯ ಬಲದಿಂದ.

ದೆಹಲಿಯಲ್ಲಿ ‘ಸರ್ಕಾರ’ ಎಂದರೆ ಒಂದೇ ಸಂಸ್ಥೆಯಲ್ಲ. ಕೇಂದ್ರ ಸರ್ಕಾರ, ಚುನಾಯಿತ ದೆಹಲಿ ಸರ್ಕಾರ, ಲೆಫ್ಟಿನೆಂಟ್ ಗವರ್ನರ್ ಕಚೇರಿ, ಆಗಿನ್ನೂ ಉತ್ತರ, ದಕ್ಷಿಣ, ಪೂರ್ವ ಎಂದು ಹಂಚಿಹೋಗಿದ್ದ ಮೂರು ನಗರ ಪಾಲಿಕೆಗಳು, ಇವಲ್ಲದೆ ನವದೆಹಲಿ ಪುರಸಭೆ ಮತ್ತು ದಂಡು ಪ್ರದೇಶದ ಮಂಡಳಿ. ಪೊಲೀಸ್ ಮತ್ತು ಭೂಮಿ ಕೇಂದ್ರದ ಕೈಯಲ್ಲಿ. ಹಲವು ಶಾಲೆ, ದೊಡ್ಡ ಆಸ್ಪತ್ರೆಗಳು, ಪಡಿತರ ದೆಹಲಿ ಸರ್ಕಾರದ ಕೈಯಲ್ಲಿ. ಕಸ ಮತ್ತು ಸ್ಮಶಾನ ಪಾಲಿಕೆಗಳ ಕೈಯಲ್ಲಿ. ಗಡಿ ದಾಟಿದರೆ ಹರಿಯಾಣದ ಗುರುಗ್ರಾಮ, ಫರೀದಾಬಾದ್. ಉತ್ತರ ಪ್ರದೇಶದ ನೋಯ್ಡಾ, ಗಾಜಿಯಾಬಾದ್. ಒಂದೇ ಊರಿನಂತೆ ಬದುಕುವ ಈ ರಾಜಧಾನಿ ವಲಯವನ್ನು ಇಷ್ಟು ಸಂಸ್ಥೆಗಳು ಹಂಚಿಕೊಂಡಿವೆ. ಸಾಂಕ್ರಾಮಿಕದ ಕಾಲದಲ್ಲಿ ಇವು ಹೇಗೆ ಕೆಲಸ ಮಾಡಿದವು ಎಂಬುದು ಈ ಹಂಚಿಕೆಯನ್ನು ನೆನಪಿಟ್ಟುಕೊಂಡರೆ ಮಾತ್ರ ಅರ್ಥವಾಗುತ್ತದೆ.

ಬದಲಾವಣೆ ಮೊದಲು ಕಾಣಿಸಿದ್ದು ಹಾಜರಾತಿಯಲ್ಲಿ. ಬೆರಳೊತ್ತಿ ಹಾಜರಿ ಹಾಕುವ ಆಧಾರ್ ಆಧಾರಿತ ಯಂತ್ರಗಳನ್ನು ಬಳಸಬೇಕಿಲ್ಲ ಎಂದು ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಮಾರ್ಚ್ 6ರಂದೇ ಆದೇಶಿಸಿತು. ರಿಜಿಸ್ಟರಿನಲ್ಲಿ ಸಹಿ ಹಾಕುವ ಹಳೆಯ ಪದ್ಧತಿ ಮರಳಿತು. ಮಾರ್ಚ್ 19ರ ಆದೇಶದಂತೆ ‘ಬಿ’ ಮತ್ತು ‘ಸಿ’ ವರ್ಗದ ನೌಕರರಲ್ಲಿ ಅರ್ಧದಷ್ಟು ಜನ ಮಾತ್ರ ಕಚೇರಿಗೆ ಬರಬೇಕಿತ್ತು. ಅವರೂ ಒಟ್ಟಿಗೆ ಬಂದು ಬಸ್ಸು, ಮೆಟ್ರೋಗಳಲ್ಲಿ ನೆರೆಯದಿರಲಿ ಎಂದು 9, 9.30, 10 ಗಂಟೆ ಎಂಬ ಮೂರು ಪಾಳಿಗಳನ್ನು ಗೊತ್ತುಮಾಡಲಾಯಿತು. ಐದೇ ದಿನಗಳಲ್ಲಿ ಲಾಕ್‌ಡೌನ್ ಆದೇಶ ಬಂದು ಈ ಏರ್ಪಾಡೂ ನಿಂತಿತು. ಏಪ್ರಿಲ್ 20ರಿಂದ ಉಪ ಕಾರ್ಯದರ್ಶಿ ಮತ್ತು ಮೇಲಿನ ದರ್ಜೆಯವರೆಲ್ಲ ಕಚೇರಿಗೆ ಹಿಂದಿರುಗಿದರು. ಉಳಿದವರಲ್ಲಿ ಬಂದವರು ಮೂರರಲ್ಲಿ ಒಂದು ಪಾಲು. ಏಪ್ರಿಲ್ 28ರಂದು ಒಬ್ಬ ನೌಕರರಿಗೆ ಸೋಂಕು ತಗುಲಿದ್ದು ತಿಳಿದು ನೀತಿ ಆಯೋಗದ ಕಟ್ಟಡವನ್ನು 48 ಗಂಟೆ ಮುಚ್ಚಲಾಯಿತು. ಮೇ ತಿಂಗಳಲ್ಲಿ ಶಾಸ್ತ್ರಿ ಭವನದ ಒಂದು ಭಾಗಕ್ಕೂ ಬೀಗ ಬಿತ್ತು. ಯಾವ ಕಟ್ಟಡ ಯಾವ ದಿನ ತೆರೆದಿರುತ್ತದೆ ಎಂಬುದೇ ಖಚಿತವಿಲ್ಲದ ತಿಂಗಳುಗಳವು.

ಕಚೇರಿ ಮುಚ್ಚಿದರೂ ಕಡತ ಓಡಾಡಲೇಬೇಕು. ಅದನ್ನು ಓಡಾಡಿಸಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ ವರ್ಷಗಳ ಹಿಂದೆಯೇ ರೂಪಿಸಿದ್ದ ಇ-ಆಫೀಸ್ ವ್ಯವಸ್ಥೆ. ಸೆಕ್ಷನ್ ಸಹಾಯಕ ಬರೆದ ಟಿಪ್ಪಣಿ ಅಧೀನ ಕಾರ್ಯದರ್ಶಿಯ ಮೂಲಕ ಹಂತ ಹಂತವಾಗಿ ಮೇಲೇರುವ ಕ್ರಮವನ್ನೇ ಅದು ಕಂಪ್ಯೂಟರಿನಲ್ಲಿ ಉಳಿಸಿಕೊಂಡಿತ್ತು. ಹಸಿರು ಟಿಪ್ಪಣಿ ಹಾಳೆಯ ಜಾಗಕ್ಕೆ ಪರದೆ ಬಂದಿತ್ತು, ಅಷ್ಟೇ. ಸಿಬ್ಬಂದಿ ಇಲಾಖೆ 2020ರ ಮೇ ತಿಂಗಳಲ್ಲಿ ಮನೆಯಿಂದ ಕೆಲಸದ ಕರಡು ಮಾರ್ಗಸೂಚಿಯನ್ನು ಎಲ್ಲ ಸಚಿವಾಲಯಗಳಿಗೆ ಕಳುಹಿಸಿದಾಗ, ಇ-ಆಫೀಸ್ ಬಳಸುತ್ತಿದ್ದ ಸುಮಾರು 75 ಸಚಿವಾಲಯ, ಇಲಾಖೆಗಳಲ್ಲಿ 57 ತಮ್ಮ ಕೆಲಸದ ಶೇ 80ಕ್ಕೂ ಹೆಚ್ಚು ಭಾಗವನ್ನು ಅದರಲ್ಲೇ ನಡೆಸುತ್ತಿದ್ದವು. ಹಳೆಯ ಕಡತಗಳನ್ನು ಮೊದಲೇ ಸ್ಕ್ಯಾನ್ ಮಾಡಿಸಿಟ್ಟಿದ್ದ ಇಲಾಖೆಗಳಿಗೆ ಮಾರ್ಚ್ ತಿಂಗಳ ಆಘಾತ ಹಗುರವಾಗಿತ್ತು. ಕಪಾಟಿನ ಕಡತಗಳನ್ನೇ ನೆಚ್ಚಿಕೊಂಡಿದ್ದ ಶಾಖೆಗಳು ಕೆಲವು ವಾರ ಕೈಕಟ್ಟಿ ಕೂರಬೇಕಾಯಿತು. ಮನೆಯಿಂದ ಸರ್ಕಾರಿ ಜಾಲಕ್ಕೆ ಸೇರಲು ಬೇಕಾದ ಸುರಕ್ಷಿತ ಸಂಪರ್ಕವೂ ಮೊದಮೊದಲು ಮೇಲಿನ ದರ್ಜೆಯವರಿಗಷ್ಟೇ ಇತ್ತು; ಟಿಪ್ಪಣಿ ಬರೆಯುವ ಕೆಳಗಿನವರಿಗೆ ಅದನ್ನು ವಿಸ್ತರಿಸುವ ಮಾತು ಬಂದದ್ದೇ ಮೇ ತಿಂಗಳ ಆ ಕರಡಿನಲ್ಲಿ. ಸಭೆಗಳು ವಿಡಿಯೋ ಕಾನ್ಫರೆನ್ಸಿಗೆ ಸರಿದವು. ಜೂಮ್ ಸುರಕ್ಷಿತವಲ್ಲ, ಸರ್ಕಾರಿ ಕೆಲಸಕ್ಕೆ ಬಳಸಬಾರದು ಎಂದು ಏಪ್ರಿಲ್‌ನಲ್ಲಿ ಗೃಹ ಸಚಿವಾಲಯ ಎಚ್ಚರಿಸಿದ ಮೇಲೆ ಮಾಹಿತಿ ಕೇಂದ್ರದ ಸ್ವಂತ ವ್ಯವಸ್ಥೆಯ ಮೇಲಿನ ಹೊರೆ ಹೆಚ್ಚಿತು.

ಸಚಿವಾಲಯಗಳ ನಡುವಿನ ಗೋಡೆ ಇನ್ನೊಂದು ತೊಡಕಾಗಿತ್ತು. ಮಾಸ್ಕ್ ಹೊಲಿಸಲು ಜವಳಿ, ಔಷಧಕ್ಕೆ ರಸಗೊಬ್ಬರ ಮತ್ತು ರಾಸಾಯನಿಕ, ಸಾಗಣೆಗೆ ರೈಲ್ವೆ, ಅನುಮತಿಗೆ ಗೃಹ ಹೀಗೆ ಒಂದೊಂದಕ್ಕೂ ನಾಲ್ಕು ಕಡೆ ಪತ್ರ ಬರೆಯುತ್ತ ಕೂರುವ ಕಾಲ ಅದಾಗಿರಲಿಲ್ಲ. ಮಾರ್ಚ್ 29ರಂದು ವಿಪತ್ತು ಕಾಯ್ದೆಯಡಿಯಲ್ಲೇ 11 ಅಧಿಕಾರಯುಕ್ತ ಗುಂಪುಗಳನ್ನು ರಚಿಸಿ, ಬೇರೆ ಬೇರೆ ಇಲಾಖೆಗಳ ಹಿರಿಯ ಅಧಿಕಾರಿಗಳನ್ನು ಒಂದೇ ಮೇಜಿಗೆ ತರಲಾಯಿತು. ಔಷಧ ಇಲಾಖೆ ಆಗ ಕರ್ನಾಟಕದ ಡಿ.ವಿ. ಸದಾನಂದ ಗೌಡರ ಸಚಿವಾಲಯಕ್ಕೆ ಸೇರಿತ್ತು. ಬೆಲೆ ನಿಯಂತ್ರಣ, ಕೈಗಾರಿಕೆಯ ಉತ್ತೇಜನಗಳಂಥ ನಿಧಾನದ ಕೆಲಸಕ್ಕೆ ಒಗ್ಗಿದ್ದ ಆ ಇಲಾಖೆ 2021ರ ಏಪ್ರಿಲ್ ಹೊತ್ತಿಗೆ ರೆಮ್‌ಡೆಸಿವಿರ್ ಚುಚ್ಚುಮದ್ದನ್ನು ರಾಜ್ಯರಾಜ್ಯಕ್ಕೆ ಲೆಕ್ಕಹಾಕಿ ಹಂಚುವ ಹೊಣೆ ಹೊತ್ತಿತು. ಇಲಾಖೆಯೊಂದರ ಸ್ವಭಾವವೇ ಬದಲಾದುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಆ ಎರಡು ವರ್ಷಗಳಲ್ಲಿ ಸಿಗುವುದು ಕಷ್ಟ.

ನ್ಯಾಯಾಂಗ ಬದಲಾದ ವೇಗವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಕಪ್ಪು ಕೋಟು, ಕಿಕ್ಕಿರಿದ ಕೋರ್ಟ್ ಹಾಲು, ಕಟ್ಟುಕಟ್ಟು ಕಾಗದಗಳಿಲ್ಲದೆ ಸುಪ್ರೀಂ ಕೋರ್ಟನ್ನು ಕಲ್ಪಿಸಿಕೊಳ್ಳುವುದೇ 2020ರವರೆಗೆ ಕಷ್ಟವಾಗಿತ್ತು. ಮಾರ್ಚ್ 13ರಂದು ತುರ್ತು ಪ್ರಕರಣಗಳನ್ನಷ್ಟೇ ಕೈಗೆತ್ತಿಕೊಳ್ಳುವುದಾಗಿ ಪ್ರಕಟಿಸಿದ ನ್ಯಾಯಾಲಯ, ಹತ್ತು ದಿನಗಳ ನಂತರ ವಿಡಿಯೋ ವಿಚಾರಣೆಗೆ ಹೊರಳಿತು. ಅದೇ ಮಾರ್ಚ್ 23ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೋಬ್ಡೆ ನೇತೃತ್ವದ ಪೀಠ ಸ್ವಯಂಪ್ರೇರಿತವಾಗಿ ಮಾಡಿದ ಆದೇಶ ಲಕ್ಷಾಂತರ ಕಕ್ಷಿದಾರರ ಪಾಲಿಗೆ ಆಸರೆಯಾಯಿತು: ಮೇಲ್ಮನವಿ, ಅರ್ಜಿ, ದಾವೆಗಳನ್ನು ಸಲ್ಲಿಸುವ ಕಾಲಮಿತಿಯನ್ನು ಮಾರ್ಚ್ 15ರಿಂದ ಅನ್ವಯವಾಗುವಂತೆ ದೇಶದ ಎಲ್ಲ ನ್ಯಾಯಾಲಯ, ನ್ಯಾಯಮಂಡಳಿಗಳಲ್ಲಿ ವಿಸ್ತರಿಸಲಾಯಿತು. ರೈಲಿಲ್ಲ, ಬಸ್ಸಿಲ್ಲ, ವಕೀಲರ ಕಚೇರಿ ತೆರೆದಿಲ್ಲ. ಅಂಥ ಹೊತ್ತಿನಲ್ಲಿ ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ಯಾರೂ ಹಕ್ಕು ಕಳೆದುಕೊಳ್ಳಬಾರದೆಂಬುದು ಇದರ ತಿರುಳು. ಹಂತ ಹಂತವಾಗಿ ಮುಂದುವರಿದ ಈ ವಿನಾಯಿತಿ ಕೊನೆಗೆ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನೂ ಒಳಗೊಂಡಿತು. ಏಪ್ರಿಲ್ 6ರಂದು ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ಎಲ್ಲ ಹೈಕೋರ್ಟುಗಳಿಗೂ ವಿಡಿಯೋ ವಿಚಾರಣೆಯ ಮಾರ್ಗ ತೋರಿಸಲಾಯಿತು. ತಮಿಳುನಾಡಿನ ಅಥವಾ ಧಾರವಾಡದ ವಕೀಲರೊಬ್ಬರು ಊರಿನಲ್ಲೇ ಕುಳಿತು ದೆಹಲಿಯ ಪೀಠದ ಮುಂದೆ ವಾದಿಸುವುದು ಸಾಧ್ಯವಾಯಿತು. ಆದರೆ ಸಾಕ್ಷಿಯ ಮುಖ ನೋಡಿ ಪಾಟೀಸವಾಲು ನಡೆಸಬೇಕಾದ ತೀಸ್ ಹಜಾರಿ, ಕಡ್ಕಡ್‌ಡೂಮಾ, ಸಾಕೇತ್‌ನಂಥ ಜಿಲ್ಲಾ ನ್ಯಾಯಾಲಯಗಳಲ್ಲಿ ಈ ವ್ಯವಸ್ಥೆ ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಹಾಲಿನ ಕಂಬಕ್ಕೆ ಆತುಕೊಂಡು ಟೈಪಿಂಗ್, ನೋಟರಿ ಕೆಲಸ ಮಾಡಿಕೊಂಡಿದ್ದವರ ಅಂದಿನ ಗಳಿಕೆ ಅಂದೇ ನಿಂತಿತು.

ಸಂಸತ್ತಿಗೆ ಪರದೆಯ ದಾರಿ ಹಿಡಿಯಲಾಗಲಿಲ್ಲ. ಅದು ಆಸನಗಳನ್ನು ಚದುರಿಸಿತು. 2020ರ ಸೆಪ್ಟೆಂಬರ್ 14ರಂದು ಆರಂಭವಾದ ಮುಂಗಾರು ಅಧಿವೇಶನಕ್ಕೆ ಸದಸ್ಯರು ಸೋಂಕಿಲ್ಲವೆಂಬ ಪರೀಕ್ಷಾ ವರದಿಯೊಂದಿಗೆ ಬರಬೇಕಿತ್ತು. ಎರಡೂ ಸದನಗಳ ಸಭಾಂಗಣ ಮತ್ತು ಗ್ಯಾಲರಿಗಳನ್ನು ಸೇರಿಸಿ ಒಂದೇ ಸದನದ ಸದಸ್ಯರನ್ನು ದೂರ ದೂರ ಕೂರಿಸಲಾಯಿತು. ಹೀಗಾಗಿ ಎರಡೂ ಸದನ ಒಂದೇ ವೇಳೆಯಲ್ಲಿ ಸೇರುವಂತಿರಲಿಲ್ಲ: ಮೊದಲ ದಿನವನ್ನು ಬಿಟ್ಟರೆ ಬೆಳಿಗ್ಗೆ 9ರಿಂದ 1ರವರೆಗೆ ರಾಜ್ಯಸಭೆ, ಮಧ್ಯಾಹ್ನ 3ರಿಂದ 7ರವರೆಗೆ ಲೋಕಸಭೆ. ಪ್ರಶ್ನೋತ್ತರ ಕಲಾಪವನ್ನು ಕೈಬಿಟ್ಟು ಲಿಖಿತ ಉತ್ತರಗಳನ್ನಷ್ಟೇ ಉಳಿಸಿಕೊಂಡದ್ದು ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಆ ಆಕ್ಷೇಪ ನ್ಯಾಯವಾದದ್ದೇ. ಕಾರ್ಯಾಂಗ ಅಸಾಮಾನ್ಯ ಅಧಿಕಾರ ಚಲಾಯಿಸುತ್ತಿದ್ದ ವರ್ಷದಲ್ಲಿ ಸಚಿವರನ್ನು ಎದುರಿಗೆ ನಿಲ್ಲಿಸಿ ಕೇಳುವ ಆ ಒಂದು ಗಂಟೆ ಎಂದಿಗಿಂತ ಹೆಚ್ಚು ಬೇಕಿತ್ತು. ಅಕ್ಟೋಬರ್ 1ರವರೆಗೆ ನಡೆಯಬೇಕಿದ್ದ ಅಧಿವೇಶನ ಸೆಪ್ಟೆಂಬರ್ 23ಕ್ಕೇ ಮುಗಿಯಿತು. ಅದೇ ದಿನ ಬೆಳಗಾವಿಯ ಸಂಸದ, ರೈಲ್ವೆ ಖಾತೆಯ ರಾಜ್ಯ ಸಚಿವ ಸುರೇಶ ಅಂಗಡಿ ದೆಹಲಿಯ ಏಮ್ಸ್‌ನಲ್ಲಿ ಕೋವಿಡ್‌ಗೆ ಬಲಿಯಾದರು. ಆರು ದಿನ ಮೊದಲು ರಾಜ್ಯಸಭೆಗೆ ಹೊಸದಾಗಿ ಆಯ್ಕೆಯಾಗಿದ್ದ ರಾಯಚೂರಿನ ಅಶೋಕ ಗಸ್ತಿ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. ಆ ವರ್ಷ ಚಳಿಗಾಲದ ಅಧಿವೇಶನವೇ ನಡೆಯಲಿಲ್ಲ. ಬಜೆಟ್ ಅಧಿವೇಶನವನ್ನೇ ಕರೆಯುವುದಾಗಿ ಸಂಸದೀಯ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಡಿಸೆಂಬರ್‌ನಲ್ಲಿ ಪತ್ರದ ಮೂಲಕ ತಿಳಿಸಿದರು. 2021ರ ಫೆಬ್ರವರಿಯ ಬಜೆಟ್ ಮೊದಲ ಬಾರಿಗೆ ಮುದ್ರಣವಿಲ್ಲದೆ ಮಂಡನೆಯಾಯಿತು.

ಕೆಲವು ಸಂಸ್ಥೆಗಳು ಸದ್ದಿಲ್ಲದೆ ಹೊಂದಿಕೊಂಡವು. ಶಹಜಹಾನ್ ರಸ್ತೆಯ ಕೇಂದ್ರ ಲೋಕಸೇವಾ ಆಯೋಗ ಮೇ 31ರ ಪ್ರಿಲಿಮಿನರಿ ಪರೀಕ್ಷೆಯನ್ನು ಅಕ್ಟೋಬರ್ 4ಕ್ಕೆ ಸರಿಸಿತು. ನಿಂತುಹೋಗಿದ್ದ ಸಂದರ್ಶನಗಳನ್ನು ಜುಲೈ 20ರಿಂದ ಮುಂದುವರಿಸಿದಾಗ, ರೈಲುಗಳು ಸರಿಯಾಗಿ ಓಡುತ್ತಿಲ್ಲವೆಂದು ಅಭ್ಯರ್ಥಿಗಳ ವಿಮಾನ ಪ್ರಯಾಣದ ವೆಚ್ಚವನ್ನು ತಾನೇ ಭರಿಸಿತು. ಆದಾಯ ತೆರಿಗೆ ಇಲಾಖೆ, ಅಧಿಕಾರಿ ಮತ್ತು ತೆರಿಗೆದಾರ ಮುಖಾಮುಖಿಯಾಗದ ಪರಿಶೀಲನೆಯನ್ನು 2019ರ ಅಕ್ಟೋಬರ್‌ನಲ್ಲೇ ಸಣ್ಣದಾಗಿ ಆರಂಭಿಸಿತ್ತು. 2020ರ ಆಗಸ್ಟ್‌ನಲ್ಲಿ ಅದನ್ನು ವಿಸ್ತರಿಸಿತು. ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಸಾಲುಗಟ್ಟುವ ನಿವೃತ್ತರಿಗೆ ಜೀವಂತ ಪ್ರಮಾಣಪತ್ರ ಸಲ್ಲಿಸಲು ಡಿಸೆಂಬರ್ ಕೊನೆಯವರೆಗೆ ಸಮಯ ಸಿಕ್ಕಿತು. ಅಂಚೆಯಣ್ಣ ಮನೆಬಾಗಿಲಿಗೆ ಬಂದು ಬೆರಳಚ್ಚು ಪಡೆದು ಆ ಕೆಲಸ ಮುಗಿಸಿಕೊಡುವ ಸೌಲಭ್ಯವೂ ಆಗಲೇ ಶುರುವಾಯಿತು. ಇಡೀ ಜೀವನ ಕೇಂದ್ರ ಸರ್ಕಾರದ ನೌಕರಿ ಮಾಡಿ ದೆಹಲಿಯಲ್ಲೇ ನೆಲೆಸಿದ ಎಷ್ಟೋ ಕನ್ನಡ ಕುಟುಂಬಗಳ ಹಿರಿಯರಿಗೆ ಇದು ನಿಜವಾದ ಉಪಕಾರ.

ಹೊಟ್ಟೆಯ ಪ್ರಶ್ನೆ ಇಷ್ಟು ನಯವಾಗಿ ಬಗೆಹರಿಯಲಿಲ್ಲ. ಲಾಕ್‌ಡೌನ್ ಘೋಷಣೆಯಾದಾಗ ದಿನಗೂಲಿಯವರಿಗೆ ಊರಿಗೆ ಹೋಗಲು ಸಿಕ್ಕಿದ್ದು ನಾಲ್ಕು ಗಂಟೆಯ ಕಾಲಾವಕಾಶ ಮಾತ್ರ. ಮಾರ್ಚ್ 28ರಂದು ಆನಂದ್ ವಿಹಾರ್ ಬಸ್ ನಿಲ್ದಾಣದಲ್ಲಿ ಸಾವಿರಾರು ವಲಸೆ ಕಾರ್ಮಿಕರು ಮೂಟೆ, ಮಕ್ಕಳೊಂದಿಗೆ ನೆರೆದ ದೃಶ್ಯ ಆಡಳಿತದ ಸಿದ್ಧತೆಯ ಕೊರತೆಯನ್ನು ಬಯಲು ಮಾಡಿತು. ಆದೇಶ ಬರೆದವರ ಲೆಕ್ಕದಲ್ಲಿ ಮನೆಯಿರುವ, ತಿಂಗಳ ಸಂಬಳವಿರುವ ಕುಟುಂಬವಿತ್ತು. ಬಾಡಿಗೆ ಕೋಣೆಯಲ್ಲಿ ಆರು ಜನ ಸರದಿಯಲ್ಲಿ ಮಲಗುವ ಕೂಲಿಕಾರರಿರಲಿಲ್ಲ. ದೆಹಲಿ ಸರ್ಕಾರ ತನ್ನ ನೂರಾರು ಶಾಲೆಗಳನ್ನು ಊಟದ ಕೇಂದ್ರಗಳಾಗಿ, ಕೆಲವನ್ನು ತಂಗುದಾಣಗಳಾಗಿ ಬದಲಿಸಿತು. ಶಿಕ್ಷಕರು ಸಾಲು ನಿಲ್ಲಿಸಿ ಅನ್ನ ಬಡಿಸಿದರು, ಪಡಿತರ ಹಂಚಿದರು. ಮುಂದೆ ಲಸಿಕೆ ಕೇಂದ್ರಗಳನ್ನು ನಡೆಸಿದವರೂ ಅವರೇ. ಇವೆಲ್ಲದರ ನಡುವೆ ವಾಟ್ಸಾಪ್‌ನಲ್ಲಿ ಮಕ್ಕಳಿಗೆ ಅಭ್ಯಾಸದ ಹಾಳೆ ಕಳುಹಿಸುವುದೂ ಇತ್ತು. ಈ ಎರಡು ವರ್ಷಗಳಲ್ಲಿ ದೆಹಲಿಯ ಸರ್ಕಾರಿ ಶಾಲಾ ಶಿಕ್ಷಕರಷ್ಟು ಬಗೆಬಗೆಯ ಕೆಲಸ ಮಾಡಿದ ನೌಕರವರ್ಗ ಬೇರೊಂದಿಲ್ಲ.

ಪಡಿತರ ಚೀಟಿ ಇದ್ದವರಿಗೆ ದಾರಿ ಸುಲಭವಾಗಿತ್ತು. ಮಾರ್ಚ್ 26ರಂದು ಪ್ರಕಟವಾದ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ದೇಶದ ಸುಮಾರು 80 ಕೋಟಿ ಜನರಿಗೆ ತಲಾ 5 ಕೆ.ಜಿ. ಧಾನ್ಯ ಉಚಿತವಾಗಿ ದೊರೆಯಿತು. ದೆಹಲಿಯಲ್ಲಿ ಇಂಥ ಫಲಾನುಭವಿಗಳು 70 ಲಕ್ಷಕ್ಕೂ ಹೆಚ್ಚು. ಆದರೆ ಬಿಹಾರದ, ಬುಂದೇಲಖಂಡದ ಕೂಲಿಕಾರರ ಚೀಟಿ ಅವರ ಊರಿನಲ್ಲಿತ್ತು. ಅಂಥವರಿಗಾಗಿ ದೆಹಲಿ ಸರ್ಕಾರ ಇ-ಕೂಪನ್ ವ್ಯವಸ್ಥೆ ತಂದಿತು: ಮೊಬೈಲಿನಲ್ಲಿ ಅರ್ಜಿ, ಆಧಾರ್ ಸಂಖ್ಯೆ, ಸಂದೇಶದಲ್ಲಿ ಕೂಪನ್, ಶಾಲೆಯಲ್ಲಿ ಧಾನ್ಯ. ಚೀಟಿಯಿಲ್ಲದೆಯೂ ಆಹಾರ ಕೊಡಬಹುದೆಂದು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆಯೇ. ಸ್ಮಾರ್ಟ್‌ಫೋನ್ ಇಲ್ಲದವರು, ಅಕ್ಷರ ಬಾರದವರು ಮಾತ್ರ ಅಲ್ಲಿಯೂ ಹೊರಗುಳಿದರು. ಯಾವ ರಾಜ್ಯದ ಚೀಟಿಯಾದರೂ ಎಲ್ಲಿಯಾದರೂ ಧಾನ್ಯ ಪಡೆಯುವ ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆ ದೆಹಲಿಯಲ್ಲಿ ಜಾರಿಗೆ ಬಂದದ್ದು 2021ರ ಜುಲೈನಲ್ಲಿ, ಸುಪ್ರೀಂ ಕೋರ್ಟ್ ಗಡುವು ವಿಧಿಸಿದ ಮೇಲೆ. ಅದು 2020ರ ಮಾರ್ಚ್‌ಗೇ ಇದ್ದಿದ್ದರೆ ಆನಂದ್ ವಿಹಾರ್‌ನಲ್ಲಿ ನೆರೆದವರಲ್ಲಿ ಒಂದಷ್ಟು ಜನರಾದರೂ ಊರು ಬಿಡದೆ ಉಳಿಯುತ್ತಿದ್ದರು.

ರೈಲ್ವೆ ಮಾರ್ಚ್ 22ರಿಂದ ಪ್ರಯಾಣಿಕರ ಸಂಚಾರ ನಿಲ್ಲಿಸಿ ಸರಕು ಸಾಗಣೆಯನ್ನಷ್ಟೇ ಉಳಿಸಿಕೊಂಡಿತ್ತು. ಮೇ 1ರಿಂದ ಆರಂಭವಾದ ಶ್ರಮಿಕ ವಿಶೇಷ ರೈಲುಗಳು 4,600ಕ್ಕೂ ಹೆಚ್ಚು ಬಾರಿ ಓಡಿ ಸುಮಾರು 63 ಲಕ್ಷ ಜನರನ್ನು ಊರು ಸೇರಿಸಿದವು. ಕಳುಹಿಸುವ ರಾಜ್ಯ ಪಟ್ಟಿ ಕೊಡಬೇಕು, ಬರಮಾಡಿಕೊಳ್ಳುವ ರಾಜ್ಯ ಒಪ್ಪಬೇಕು, ಆಮೇಲೆ ರೈಲು ಎಂಬ ಕ್ರಮದಿಂದಾಗಿ ಮೊದಲ ವಾರಗಳು ಪತ್ರವ್ಯವಹಾರದಲ್ಲೇ ಕಳೆದವು. ಮೇ 12ರಿಂದ ನವದೆಹಲಿಯಿಂದ ಬೆಂಗಳೂರು ಸೇರಿದಂತೆ 15 ಊರುಗಳಿಗೆ ವಿಶೇಷ ರೈಲುಗಳು ಹೊರಟವು. ಊರಿಗೆ ಮರಳಲು ಕಾಯುತ್ತಿದ್ದ ಕನ್ನಡಿಗರು ಕರ್ನಾಟಕದ ಸೇವಾ ಸಿಂಧು ಜಾಲತಾಣದಲ್ಲಿ ನೋಂದಾಯಿಸಿಕೊಂಡು ಹೊರಡಬೇಕಿತ್ತು. ದೆಹಲಿ ಹೆಚ್ಚು ಸೋಂಕಿನ ರಾಜ್ಯಗಳ ಪಟ್ಟಿಯಲ್ಲಿದ್ದುದರಿಂದ ಬಂದವರು ಸರ್ಕಾರ ಗೊತ್ತುಮಾಡಿದ ಜಾಗದಲ್ಲಿ ಕ್ವಾರಂಟೈನ್ ಮುಗಿಸಿಯೇ ಮನೆಗೆ ಹೋಗಬೇಕಿತ್ತು. ರೈಲ್ವೆ 5,000ಕ್ಕೂ ಹೆಚ್ಚು ಬೋಗಿಗಳನ್ನು ರೋಗಿಗಳ ವಾರ್ಡುಗಳಾಗಿ ಮಾರ್ಪಡಿಸಿತು, ದೆಹಲಿಗೆ 500 ಬೋಗಿ ಕೊಟ್ಟಿತು. ಜೂನ್ ಬಿಸಿಲಿಗೆ ಕಾದ ಆ ಬೋಗಿಗಳಲ್ಲಿ ಮಲಗಿದವರು ಬಹಳ ಕಡಿಮೆ. ದೆಹಲಿ ಮೆಟ್ರೋ 169 ದಿನ ನಿಂತು, ಸೆಪ್ಟೆಂಬರ್ 7ರಿಂದ ಒಂದೊಂದೇ ಮಾರ್ಗವಾಗಿ ತೆರೆಯಿತು: ಟೋಕನ್ ಇಲ್ಲ, ಕಾರ್ಡ್ ಮಾತ್ರ, ಒಂದು ಆಸನ ಬಿಟ್ಟು ಇನ್ನೊಂದು.

ಗಡಿಯ ವಿಷಯದಲ್ಲಿ ಸಂಸ್ಥೆಗಳು ಹೊಂದಿಕೊಳ್ಳಲಿಲ್ಲವೆಂದೇ ಹೇಳಬೇಕು. ಏಪ್ರಿಲ್ 21ರಂದು ನೋಯ್ಡಾದ ಜಿಲ್ಲಾಡಳಿತ ದೆಹಲಿಯ ಗಡಿ ಮುಚ್ಚಿತು, ಹರಿಯಾಣವೂ ಮುಚ್ಚಿತು, ಜೂನ್ 1ರಂದು ದೆಹಲಿಯೇ ಒಂದು ವಾರ ಮುಚ್ಚಿಕೊಂಡಿತು. ದೆಹಲಿಯ ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರು, ವೈದ್ಯರು ಅನೇಕರು ಗಾಜಿಯಾಬಾದ್, ಗುರುಗ್ರಾಮಗಳಲ್ಲಿ ವಾಸವಿದ್ದರು. ಒಂದು ರಾಜ್ಯದ ಪಾಸು ಇನ್ನೊಂದು ರಾಜ್ಯದಲ್ಲಿ ನಡೆಯುತ್ತಿರಲಿಲ್ಲ. ಮೂರೂ ರಾಜ್ಯಗಳು ಕೂಡಿ ಒಂದೇ ನೀತಿ, ಒಂದೇ ಪಾಸು ಮಾಡಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಜೂನ್ 4ರಂದು ಹೇಳಬೇಕಾಯಿತು. ದೆಹಲಿ ಸರ್ಕಾರ ತನ್ನ ಆಸ್ಪತ್ರೆಗಳನ್ನು ದೆಹಲಿಯವರಿಗಷ್ಟೇ ಮೀಸಲಿಡಲು ಹೊರಟಾಗ ಲೆಫ್ಟಿನೆಂಟ್ ಗವರ್ನರ್ ಅದನ್ನು ಜೂನ್ 8ರಂದು ರದ್ದುಪಡಿಸಿದರು. ಸೋಂಕಿತರೆಲ್ಲ ಐದು ದಿನ ಸರ್ಕಾರಿ ಕೇಂದ್ರದಲ್ಲಿರಬೇಕೆಂಬ ಅವರದೇ ಜೂನ್ 19ರ ಆದೇಶ, ದೆಹಲಿ ಸರ್ಕಾರ ಪ್ರತಿಭಟಿಸಿದ ಮೇಲೆ ಮರುದಿನ ಹಿಂದೆ ಹೋಯಿತು. 1985ರಿಂದ ರಾಜಧಾನಿ ವಲಯಕ್ಕೆ ಒಂದು ಯೋಜನಾ ಮಂಡಳಿಯಿದೆ. ಆದರೆ ಅದರ ಕೆಲಸ ಭೂಬಳಕೆ ಮತ್ತು ನಗರ ಯೋಜನೆ. ರೋಗ ಬಂದಾಗ ಇಡೀ ವಲಯದ ಪರವಾಗಿ ಮಾತಾಡುವ ಸಂಸ್ಥೆ ಒಂದೂ ಇರಲಿಲ್ಲ.

ಇದೇ ಜೂನ್‌ನಲ್ಲಿ ಆರೋಗ್ಯ ವ್ಯವಸ್ಥೆ ನಿಜವಾಗಿ ಮೈಕೊಡವಿಕೊಂಡಿತು. ಎರಡು ಸಾವಿರ ಹಾಸಿಗೆಗಳ ಲೋಕನಾಯಕ ಆಸ್ಪತ್ರೆ ಆಗಲೇ ಪೂರ್ತಿ ಕೋವಿಡ್ ಆಸ್ಪತ್ರೆಯಾಗಿತ್ತು. ಮದುವೆ ಮಂಟಪಗಳು, ಹೋಟೆಲುಗಳು ಅದರ ಅಂಗಗಳಾದವು. ಜೂನ್ 14ರಂದು ಕೇಂದ್ರ ಗೃಹ ಸಚಿವರು ಮತ್ತು ದೆಹಲಿ ಮುಖ್ಯಮಂತ್ರಿ ಒಟ್ಟಿಗೆ ಕುಳಿತ ನಂತರ ಪರೀಕ್ಷೆಗಳು ಹೆಚ್ಚಿದವು, ಜೂನ್ 18ರಿಂದ ಕ್ಷಿಪ್ರ ಆಂಟಿಜೆನ್ ಪರೀಕ್ಷೆ ಬಂತು. ಕ್ಷಿಪಣಿ, ಯುದ್ಧೋಪಕರಣಗಳನ್ನು ರೂಪಿಸುವ ಡಿಆರ್‌ಡಿಒ ವಿಮಾನ ನಿಲ್ದಾಣದ ಹತ್ತಿರ 1,000 ಹಾಸಿಗೆಗಳ, ಅದರಲ್ಲಿ 250 ತೀವ್ರ ನಿಗಾ ಹಾಸಿಗೆಗಳ ಆಸ್ಪತ್ರೆಯನ್ನು 12 ದಿನಗಳಲ್ಲಿ ಎಬ್ಬಿಸಿ ನಿಲ್ಲಿಸಿತು. ಸೇನಾ ವೈದ್ಯರು ಅದನ್ನು ನಡೆಸಿದರು. ಛತ್ತರ್‌ಪುರದ ರಾಧಾಸ್ವಾಮಿ ಸತ್ಸಂಗದ ವಿಶಾಲ ಆವರಣದಲ್ಲಿ 10,000 ಹಾಸಿಗೆಗಳಿಗೆ ಜಾಗವಿದ್ದ ಕೇಂದ್ರ ಸಿದ್ಧವಾಯಿತು. ಹಿಮಾಲಯದ ಗಡಿ ಕಾಯುವ ಐಟಿಬಿಪಿ ಪಡೆ ಅದರ ಹೊಣೆ ಹೊತ್ತಿತು. ರಟ್ಟಿನ ಮಂಚಗಳ ಮೇಲೆ ರೋಗಿಗಳು ಮಲಗಿದರು. ಸೌಮ್ಯ ಲಕ್ಷಣದವರನ್ನು ಮನೆಯಲ್ಲೇ ಇರಿಸಿ, ಪಲ್ಸ್ ಆಕ್ಸಿಮೀಟರ್ ಕೊಟ್ಟು, ದಿನವೂ ಫೋನಿನಲ್ಲಿ ವಿಚಾರಿಸುವ ದೆಹಲಿ ಸರ್ಕಾರದ ಕ್ರಮ ಇವೆಲ್ಲಕ್ಕಿಂತ ಅಗ್ಗವಾಗಿತ್ತು, ಹೆಚ್ಚು ಫಲವನ್ನೂ ಕೊಟ್ಟಿತು. ಆಸ್ಪತ್ರೆಯ ಹಾಸಿಗೆ ಬೇಕಾದವರಿಗೆ ಅದು ಸಿಕ್ಕಿದ್ದು ಇದರಿಂದಲೇ. ಏಮ್ಸ್ ಹೊರರೋಗಿ ವಿಭಾಗ ಮುಚ್ಚಿ ಫೋನಿನಲ್ಲಿ ಸಲಹೆ ಕೊಡತೊಡಗಿತು. ಟೆಲಿಮೆಡಿಸಿನ್ ಮಾರ್ಗಸೂಚಿ ಮಾರ್ಚ್ 25ರಂದೇ ಬಂದಿದ್ದರಿಂದ ಅದಕ್ಕೆ ಕಾನೂನಿನ ಬೆಂಬಲವೂ ಇತ್ತು.

ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ರಕ್ತಪರೀಕ್ಷಾ ಸಮೀಕ್ಷೆ ಜುಲೈನಲ್ಲಿ ಒಂದು ಸತ್ಯ ಹೊರಗೆಡವಿತು: ದೆಹಲಿಯವರಲ್ಲಿ ಶೇ 23.48ರಷ್ಟು ಮಂದಿಗೆ ಆಗಲೇ ಸೋಂಕು ಬಂದು ಹೋಗಿತ್ತು. ಲೆಕ್ಕಕ್ಕೆ ಸಿಕ್ಕ ರೋಗಿಗಳಿಗಿಂತ ಸಿಗದವರು ಎಷ್ಟೋ ಪಟ್ಟು ಹೆಚ್ಚು. ಅದೇ ತಿಂಗಳು ದೆಹಲಿಯ ಯಕೃತ್ ಮತ್ತು ಪಿತ್ತರಸ ವಿಜ್ಞಾನ ಸಂಸ್ಥೆಯಲ್ಲಿ ಪ್ಲಾಸ್ಮಾ ಬ್ಯಾಂಕ್ ತೆರೆಯಿತು. ಪ್ಲಾಸ್ಮಾದಿಂದ ಸಾವು ತಗ್ಗುವುದಿಲ್ಲವೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೇ ಆ ವರ್ಷ ತೋರಿಸಿದರೂ, ಚಿಕಿತ್ಸಾ ಸೂಚಿಯಿಂದ ಅದನ್ನು ತೆಗೆದದ್ದು 2021ರ ಮೇ 17ರಂದು. ಆ ನಡುವೆ ದಾನಿಗಳನ್ನು ಹುಡುಕುತ್ತ ಎಷ್ಟೋ ಮನೆಗಳವರು ಊರೆಲ್ಲ ಅಲೆದಿದ್ದರು. ಸಾಕ್ಷ್ಯ ಸಿಕ್ಕ ಮೇಲೂ ಆದೇಶ ತಡವಾದ ಈ ಪ್ರಸಂಗ ಮರೆಯತಕ್ಕದ್ದಲ್ಲ.

2021ರ ಏಪ್ರಿಲ್ ಎಲ್ಲ ಸಿದ್ಧತೆಗಳನ್ನೂ ಮೀರಿಸಿತು. ಛತ್ತರ್‌ಪುರದ ಕೇಂದ್ರವನ್ನು ಫೆಬ್ರವರಿಯಲ್ಲಿ ಮುಚ್ಚಲಾಗಿತ್ತು. ಏಪ್ರಿಲ್ 20ರಂದು ಒಂದೇ ದಿನ ದೆಹಲಿಯಲ್ಲಿ 28,395 ಹೊಸ ಸೋಂಕಿತರು. ಮೇ 3ರಂದು 448 ಸಾವು. ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದು ರೋಗಿಗಳು ಸತ್ತರು. ದೆಹಲಿಗೆ ಸ್ವಂತ ಆಮ್ಲಜನಕ ಘಟಕಗಳಿರಲಿಲ್ಲ. ಅದು ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳಗಳ ಉಕ್ಕಿನ ಕಾರ್ಖಾನೆಗಳಿಂದ ಬರಬೇಕಿತ್ತು. ಸಾಗಿಸಲು ತಕ್ಕ ಟ್ಯಾಂಕರುಗಳು ಕಡಿಮೆ. ದ್ರವ ಆಮ್ಲಜನಕ ತುಂಬಿದ ಟ್ಯಾಂಕರನ್ನು ವಿಮಾನದಲ್ಲಿ ಒಯ್ಯುವುದು ಅಪಾಯಕಾರಿ. ಹಾಗಾಗಿ ಗಾಜಿಯಾಬಾದ್‌ನ ಹಿಂಡನ್ ವಾಯುನೆಲೆಯಿಂದ ವಾಯುಪಡೆಯ ಸಿ-17 ವಿಮಾನಗಳು ಖಾಲಿ ಟ್ಯಾಂಕರುಗಳನ್ನು ಏಪ್ರಿಲ್ 23ರಿಂದ ಪೂರ್ವಕ್ಕೆ ಹೊತ್ತೊಯ್ದವು. ತುಂಬಿದವು ರೈಲ್ವೆಯ ಆಕ್ಸಿಜನ್ ಎಕ್ಸ್‌ಪ್ರೆಸ್‌ಗಳಲ್ಲಿ ಹಿಂದಿರುಗಿದವು. ಹೋಗುವ ಅರ್ಧ ದಾರಿಯ ಸಮಯ ಇದರಿಂದ ಉಳಿಯಿತು. ವಾಯುಪಡೆ, ರೈಲ್ವೆ, ಉಕ್ಕು ಕಾರ್ಖಾನೆ, ರಾಜ್ಯಗಳ ಪೊಲೀಸರು ಒಂದೇ ಸರಪಳಿಯಾದ ಈ ಏರ್ಪಾಡು ಇಡೀ ಸಾಂಕ್ರಾಮಿಕದಲ್ಲಿ ಸಂಸ್ಥೆಗಳು ತೋರಿದ ಅತ್ಯುತ್ತಮ ಹೊಂದಾಣಿಕೆ. ಅದು ಎರಡು ವಾರ ಮೊದಲೇ ಆಗಬೇಕಿತ್ತು ಎಂಬುದೂ ಅಷ್ಟೇ ನಿಜ.

ಹಂಚಿಕೆಯ ಜಗಳ ನ್ಯಾಯಾಲಯಗಳಿಗೆ ಹೋಯಿತು. ದೆಹಲಿ ಹೈಕೋರ್ಟ್ ರಜೆಯ ದಿನಗಳಲ್ಲೂ ಪರದೆಯ ಮೇಲೆ ಕುಳಿತು ಯಾವ ಆಸ್ಪತ್ರೆಯಲ್ಲಿ ಎಷ್ಟು ಗಂಟೆಯ ಆಮ್ಲಜನಕ ಉಳಿದಿದೆ ಎಂದು ವಿಚಾರಿಸಿತು. ದೆಹಲಿಗೆ ದಿನಕ್ಕೆ 700 ಟನ್ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಮೇ ಮೊದಲ ವಾರದಲ್ಲಿ ಹೇಳಿತು. ಅದೇ ವಾರ ಕರ್ನಾಟಕ ಹೈಕೋರ್ಟ್ ರಾಜ್ಯದ ಪಾಲನ್ನು 965ರಿಂದ 1,200 ಟನ್‌ಗೆ ಏರಿಸುವಂತೆ ಆದೇಶಿಸಿತ್ತು. ಕೇಂದ್ರ ಇದರ ವಿರುದ್ಧ ಮೇಲೆ ಹೋದಾಗ ಮೇ 7ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ಮೇ 11ರಂದು 120 ಟನ್ ಹೊತ್ತ ಮೊದಲ ರೈಲು ಟಾಟಾನಗರದಿಂದ ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಬಂತು. ಮುಂದೆ ಇಂಥ ಹಂಚಿಕೆಗೆ ವೈಜ್ಞಾನಿಕ ಸೂತ್ರ ರೂಪಿಸಲು ಸುಪ್ರೀಂ ಕೋರ್ಟ್ 12 ಜನರ ಕಾರ್ಯಪಡೆಯನ್ನು ನೇಮಿಸಿತು. ಈ ದಿನಗಳಲ್ಲಿ ಯಾರ ಗಮನಕ್ಕೂ ಬಾರದೆ ದುಡಿದವರು ಪಾಲಿಕೆಗಳ ಸ್ಮಶಾನ ಸಿಬ್ಬಂದಿ. ನಿಗಮಬೋಧ ಘಾಟ್‌ನಲ್ಲಿ, ಸರಾಯ್ ಕಾಲೇ ಖಾನ್‌ನಲ್ಲಿ, ಗಾಜೀಪುರದಲ್ಲಿ ಹೊಸ ಚಿತಾಕಟ್ಟೆಗಳನ್ನು ಕಟ್ಟಿ, ಹಗಲು ರಾತ್ರಿ ಅಂತ್ಯಕ್ರಿಯೆ ನಡೆಸಿದವರು ಅವರು.

ಲಸಿಕೆ ಅಭಿಯಾನ 2021ರ ಜನವರಿ 16ರಂದು ಆರಂಭವಾಗಿತ್ತು. ಮೇ 1ರಂದು 18 ವರ್ಷ ದಾಟಿದ ಎಲ್ಲರಿಗೂ ತೆರೆದಾಗ, 45 ವರ್ಷದೊಳಗಿನವರಲ್ಲಿ ಕೋವಿನ್ ಜಾಲತಾಣದಲ್ಲಿ ಸಮಯ ಕಾಯ್ದಿರಿಸಿದವರಿಗೆ ಮಾತ್ರ ಲಸಿಕೆ ಎಂಬ ನಿಯಮ ಇ-ಕೂಪನ್‌ನ ಹಳೆಯ ತಪ್ಪನ್ನೇ ಮತ್ತೆ ಮಾಡಿತು. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ ನೇರವಾಗಿ ಬಂದವರಿಗೂ ಅವಕಾಶವಾಯಿತು. ಡಿಜಿಟಲ್ ಕಂದರದ ಬಗ್ಗೆ ಸುಪ್ರೀಂ ಕೋರ್ಟ್ ಮೇ 31ರಂದು ಕಟುವಾಗಿ ಕೇಳಿತು. ಅಕ್ಟೋಬರ್ 21ರಂದು ದೇಶ 100 ಕೋಟಿ ಡೋಸ್ ಮುಟ್ಟಿತು.

ಅನುಭವದಿಂದ ಕಲಿತ ಒಂದು ಪಾಠ ಕಾಗದಕ್ಕೆ ಇಳಿಯಿತು. ಚಳಿಗಾಲದ ಹೊಗೆಗೆ ದೆಹಲಿಯಲ್ಲಿ ಮೊದಲೇ ಇದ್ದ ಹಂತವಾರು ಕ್ರಮದ ಮಾದರಿಯನ್ನೇ ಹಿಡಿದು, ದೆಹಲಿಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2021ರ ಜುಲೈನಲ್ಲಿ ಹಳದಿಯಿಂದ ಕೆಂಪಿನವರೆಗೆ ನಾಲ್ಕು ಬಣ್ಣಗಳ ಯೋಜನೆ ಒಪ್ಪಿತು. ಸೋಂಕಿನ ಪ್ರಮಾಣ ಎಷ್ಟಾದರೆ ಏನು ಮುಚ್ಚಬೇಕು, ಏನು ತೆರೆದಿರಬೇಕು ಎಂಬುದು ಮೊದಲೇ ಎಲ್ಲರಿಗೂ ತಿಳಿದಿತ್ತು. ಓಮೈಕ್ರಾನ್ ಬಂದಾಗ ಡಿಸೆಂಬರ್ 28ರಂದು ಹಳದಿ ಎಚ್ಚರಿಕೆ ಅದರಂತೆಯೇ ಜಾರಿಯಾಯಿತು. ನಾಲ್ಕು ಗಂಟೆಯ ಮುನ್ಸೂಚನೆಯಲ್ಲಿ ಎಲ್ಲವನ್ನೂ ಮುಚ್ಚಿದ ಕಾಲ ಮರುಕಳಿಸಲಿಲ್ಲ. 2022ರ ಫೆಬ್ರವರಿ 7ರಿಂದ ಕೇಂದ್ರ ಸರ್ಕಾರದ ಎಲ್ಲ ನೌಕರರು ಕಚೇರಿಗೆ ಮರಳಿದರು. ಮಾರ್ಚ್ 31ಕ್ಕೆ ವಿಪತ್ತು ಕಾಯ್ದೆಯಡಿಯ ಆದೇಶಗಳು ಕೊನೆಗೊಂಡವು. ಮೇ ತಿಂಗಳಲ್ಲಿ ಮೂರು ಪಾಲಿಕೆಗಳು ಮತ್ತೆ ಒಂದಾದವು.

ಆ ಎರಡು ವರ್ಷಗಳ ನಿರ್ಧಾರಗಳಲ್ಲಿ ಬಹುಪಾಲು ಇ-ಆಫೀಸ್‌ನಲ್ಲಿ, ವಿಡಿಯೋ ಸಭೆಗಳಲ್ಲಿ, ಅಧಿಕಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಆದವು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕಂಪ್ಯೂಟರಿನಲ್ಲಿ ಹುಟ್ಟಿದ ದಾಖಲೆಯನ್ನೂ ದಾಖಲೆಯೆಂದೇ ಒಪ್ಪುತ್ತದೆ, ಪ್ರತಿ ಕಚೇರಿಯಲ್ಲೂ ದಾಖಲೆ ಅಧಿಕಾರಿ ಇರಬೇಕೆನ್ನುತ್ತದೆ, ಕ್ರಮ ತಪ್ಪಿ ನಾಶಮಾಡಿದರೆ ಶಿಕ್ಷೆಯನ್ನೂ ಹೇಳುತ್ತದೆ. ಯಾವ ಟ್ಯಾಂಕರ್ ಯಾವ ಆಸ್ಪತ್ರೆಗೆ ಏಕೆ ಹೋಯಿತು, ಯಾವ ಶಾಲೆ ಏಕೆ ಅಡುಗೆಮನೆಯಾಯಿತು ಎಂಬುದು ಮುಂದಿನ ಪೀಳಿಗೆಯ ಅಧಿಕಾರಿಗಳಿಗೆ ಗೊತ್ತಾಗಬೇಕಾದರೆ ಫೋನುಗಳಲ್ಲಿ ಉಳಿದ ಆ ಸಂದೇಶಗಳನ್ನೂ ಟಿಪ್ಪಣಿಗಳನ್ನೂ ಕೇಂದ್ರ, ದೆಹಲಿ, ಹರಿಯಾಣ, ಉತ್ತರ ಪ್ರದೇಶಗಳ ಇಲಾಖೆಗಳು ಈಗಲೇ ಒಟ್ಟುಮಾಡಿ, ಜನಪಥದ ರಾಷ್ಟ್ರೀಯ ಪತ್ರಾಗಾರಕ್ಕೂ ತಂತಮ್ಮ ರಾಜ್ಯಗಳ ಪತ್ರಾಗಾರಗಳಿಗೂ ಒಪ್ಪಿಸಬೇಕು.